ಸೊನ್ನೆಯಾಗದ ಶೇಷ

ಫೆಬ್ರವರಿ ಕೊನೆಯಲ್ಲಿ ನನ್ನ ಹಳೆಯ ಮಾರ್ಗದರ್ಶಕರು ಫೋನ್ ಮಾಡಿ ವಿಜಯಪುರಕ್ಕೆ ಬಾ ಎಂದರು. ಅವರು ಯಾಕೆ ಕರೆಯುತ್ತಿದ್ದಾರೆ ಎಂಬುದು ಅರ್ಧ ತಿಳಿದೇ ಇತ್ತು. ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದ ನನ್ನ ಗೆಳೆಯರೊಬ್ಬರು ಬಬಲೇಶ್ವರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದರು. ಆ ಚಳಿಗಾಲದಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗಲೇ ಅವರಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ವಯಸ್ಸು ನಲವತ್ತು ದಾಟಿರಲಿಲ್ಲ.

ನಾನು ಅದೇ ಗುರುಗಳ ಬಳಿ ಕೆಲವು ವರ್ಷ ಮೊದಲೇ ಪದವಿ ಮುಗಿಸಿ ತಿಕೋಟಾದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮಿಬ್ಬರದೂ ಒಂದೇ ವಿಷಯ, ಸಾಲಿಟಾನ್ ಸಮೀಕರಣಗಳು. ಈ ಜಿಲ್ಲೆಯಲ್ಲಿ ಅದರ ಬಗ್ಗೆ ಮಾತಾಡಲು ನನಗೆ ಅವರು, ಅವರಿಗೆ ನಾನು, ಮೂರನೆಯವರು ಗುರುಗಳು.

"ಪ್ರಬಂಧ ಬಹುತೇಕ ಆಗೇತವಾ," ಎಂದರು ಗುರುಗಳು. "ಕೊನೀ ಅಧ್ಯಾಯ ಒಂದ್ ಉಳದೈತಿ. ಅವನ ಅವಧಿ ಜೂನ್‌ಗೆ ಮುಗೀತೈತಿ. ನಾನೂ ಅದ ಹೊತ್ತಿಗೆ ನಿವೃತ್ತಿ ಆಕ್ಕೇನಿ. ನೀ ಕೂತು ಅದನ್ನೊಂದು ತಿದ್ದಿ ಕೊಟ್ಟಿ ಅಂದ್ರ, ಮೌಖಿಕ ಪರೀಕ್ಷಾ ಬರವಣಿಗಿ ಒಳಗ ನಡಸ್ರಿ ಅಂತ ನಾ ಮ್ಯಾಲಿನವರಿಗೆ ಕೇಳ್ಕೋತೀನಿ."

ಒಪ್ಪಿಕೊಂಡೆ. ಒಪ್ಪದಿರಲು ಕಾರಣವೇ ಇರಲಿಲ್ಲ. ಗೆಳೆಯರ ಹೆಂಡತಿ ಅವರ ಕಂಪ್ಯೂಟರನ್ನು ಆಗಲೇ ವಿಭಾಗಕ್ಕೆ ತಲುಪಿಸಿದ್ದರು. ಅದನ್ನು ಚೀಲದಲ್ಲಿ ಹಾಕಿಕೊಂಡು ತಿಕೋಟಾದ ಬಸ್ ಹತ್ತಿದೆ.

ಕೆಲಸ ಏನೆಂದು ಇಲ್ಲಿ ಸ್ವಲ್ಪ ಹೇಳಲೇಬೇಕು. ಆಳವಿಲ್ಲದ ನೀರಿನಲ್ಲಿ ಒಮ್ಮೊಮ್ಮೆ ಒಂದೇ ಒಂದು ಅಲೆ ಎದ್ದು, ಚದುರದೆ, ಆಕಾರ ಕೆಡದೆ ಬಹುದೂರ ಸಾಗುತ್ತದೆ. ಅದೇ ಸಾಲಿಟಾನ್. ಇಂಥ ಎರಡು ಅಲೆಗಳು ಎದುರಾದರೆ ಒಂದರೊಳಗೊಂದು ಹಾಯ್ದು, ಮೊದಲಿದ್ದ ಹಾಗೆಯೇ ಆಚೆ ಬರುತ್ತವೆ. ಇರಬೇಕಾದ ಜಾಗದಿಂದ ತುಸು ಸರಿದಿರುತ್ತವೆ, ಅಷ್ಟೇ. ಎಷ್ಟು ಅಲೆಗಳು ಸೇರಿದರೂ ಹೀಗೆಯೇ ನಡೆಯುತ್ತದೆ, ಅದಕ್ಕೆ ಖಚಿತ ಸೂತ್ರ ಬರೆಯಬಹುದು ಎನ್ನುವಂಥ ಸಮೀಕರಣಗಳು ಬಹಳ ಅಪರೂಪ. ಅವುಗಳನ್ನು ಅನುಕಲನೀಯ ಎನ್ನುತ್ತೇವೆ. ನಮ್ಮ ವಿಧಾನದಲ್ಲಿ ಒಂದು ಅಲೆಯ ಸೂತ್ರ ಸುಲಭವಾಗಿ ಬರುತ್ತದೆ, ಎರಡರದ್ದೂ ಹೆಚ್ಚುಕಡಿಮೆ ತಾನಾಗಿ ಬರುತ್ತದೆ. ಮೂರನೆಯ ಅಲೆ ಸೇರಿದಾಗಲೇ ನಿಜವಾದ ಪರೀಕ್ಷೆ. ಮೂರು ಅಲೆಗಳ ಸಂಖ್ಯೆಗಳಿಂದ ಒಂದು ಉದ್ದನೆಯ ಮೊತ್ತ ಹುಟ್ಟುತ್ತದೆ. ಅದು ಸೊನ್ನೆಯಾಗಬೇಕು. ಆಗದಿದ್ದರೆ ಸಮೀಕರಣ ಅನುಕಲನೀಯವಲ್ಲ.

ಗೆಳೆಯರು ನೀರಿನ ಮೇಲೆ ಎರಡೂ ಕಡೆ ಹರಡುವ ಅಲೆಗಳಿಗೆ ಹೊಸದೊಂದು ಸಮೀಕರಣ ಬರೆದಿದ್ದರು. ಅದು ಅನುಕಲನೀಯ ಎಂಬುದೇ ಅವರ ಪ್ರಬಂಧದ ಜೀವ. ಮೊದಲ ಪುಟದ ಶೀರ್ಷಿಕೆಯಲ್ಲೇ ಆ ಪದವಿತ್ತು. ಒಂದು ಅಲೆ, ಎರಡು ಅಲೆಯ ಸೂತ್ರಗಳನ್ನು ಅಚ್ಚುಕಟ್ಟಾಗಿ ಬರೆದಿದ್ದರು. ಮೂರಕ್ಕೆ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿ ಸೊನ್ನೆ ಬಂದದ್ದನ್ನು ನೋಡಿಕೊಂಡು, ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದ್ದರು: "ಇದೇ ರೀತಿ ಮೂರು ಹಾಗೂ ಹೆಚ್ಚಿನ ಅಲೆಗಳ ಪರಿಹಾರಗಳನ್ನೂ ಪಡೆಯಬಹುದು." ನಮ್ಮ ಕ್ಷೇತ್ರದ ಲೇಖನಗಳಲ್ಲಿ ಈ ವಾಕ್ಯ ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೋ.

ಮಾರ್ಚ್ ತಿಂಗಳಿಡೀ ತರಗತಿ ಮುಗಿದ ಮೇಲೆ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತೆ. ಬಿಜ್ಜರಗಿ ಕಡೆಯ ತೋಟಗಳಲ್ಲಿ ದ್ರಾಕ್ಷಿ ಕೊಯ್ದು ಶೆಡ್ಡುಗಳಲ್ಲಿ ಒಣಗಿಸುವ ಕಾಲ. ಅಲ್ಲಿಂದ ಬರುವ ವಿದ್ಯಾರ್ಥಿಗಳು ಹಾಜರಿ ಹಾಕಿಸಿ ಮಧ್ಯಾಹ್ನವೇ ಹೋಗಿಬಿಡುತ್ತಿದ್ದರು. ಕರೆಂಟು ಹೋದಾಗ ಕಾಗದದ ಮೇಲೆ, ಬಂದಾಗ ಯಂತ್ರದ ಮೇಲೆ ಕೆಲಸ. ಉಲ್ಲೇಖಗಳನ್ನು ಸರಿಪಡಿಸಿದೆ, ಚಿಹ್ನೆಗಳನ್ನು ಏಕರೂಪ ಮಾಡಿದೆ. ಉಳಿದದ್ದು ಚಿತ್ರಗಳು.

ಮೂರು ಅಲೆಗಳ ಚಿತ್ರ ನನಗೆ ಹಿಡಿಸಲಿಲ್ಲ. ಮೂರು ಗೆರೆಗಳೂ ಪಕ್ಕಪಕ್ಕದಲ್ಲಿ, ಹೊಲದ ಸಾಲುಗಳಂತೆ ಬಿದ್ದಿದ್ದವು. ಎರಡೂ ಕಡೆ ಹರಡುವ ಅಲೆಗಳೆಂದರೆ ಒಂದನ್ನೊಂದು ಕೋನದಲ್ಲಿ ದಾಟುವುದು ಕಾಣಬೇಡವೇ? ಅವರ ಪರೀಕ್ಷೆಯ ಕಡತ ತೆರೆದು ನೋಡಿದೆ. ಪ್ರತಿ ಅಲೆಗೂ ಎರಡು ಸಂಖ್ಯೆ, ಉದ್ದಕ್ಕೊಂದು, ಅಡ್ಡಕ್ಕೊಂದು. ಅವೆರಡರ ಅನುಪಾತವೇ ಅಲೆಯ ದಿಕ್ಕು. ಅವರು ಉದ್ದಕ್ಕೆ ಒಂದು, ಎರಡು, ಮೂರು ಎಂದೂ ಅಡ್ಡಕ್ಕೆ ಎರಡು, ನಾಲ್ಕು, ಆರು ಎಂದೂ ಕೊಟ್ಟಿದ್ದರು. ಚಿತ್ರ ಚೆಂದವಾಗಲಿ ಎಂದು ನಾನು ಅಡ್ಡದವನ್ನು ಎರಡು, ಐದು, ಮೂರು ಎಂದು ಬದಲಿಸಿ ಓಡಿಸಿದೆ.

ಸೊನ್ನೆ ಬರಲಿಲ್ಲ. ಬಂದದ್ದು ಏಳಂಕಿಯ ಒಂದು ಋಣಸಂಖ್ಯೆ.

ಟೈಪು ಮಾಡುವಾಗ ಎಡವಿದೆನೆಂದು ಮತ್ತೆ ಕೊಟ್ಟೆ. ಅದೇ ಬಂತು. ಬೇರೆ ಸಂಖ್ಯೆಗಳನ್ನು ಕೊಟ್ಟೆ. ಬೇರೆ ಶೇಷ ಬಂತು, ಸೊನ್ನೆ ಮಾತ್ರ ಬರಲಿಲ್ಲ. ದಶಮಾಂಶ ಬಿಟ್ಟು ಭಿನ್ನರಾಶಿಗಳಲ್ಲೇ ಲೆಕ್ಕ ಮಾಡಿಸಿದೆ. ಶೇಷ ಅಲ್ಲೇ ಕೂತಿತ್ತು. ಗೆಳೆಯರ ಹಳೆಯ ಸಂಖ್ಯೆಗಳಿಗೆ ಮರಳಿದರೆ ಥಟ್ಟನೆ ಸೊನ್ನೆ.

ಆಗ ತಿಳಿಯಿತು. ಎರಡು, ನಾಲ್ಕು, ಆರು ಎಂಬುವು ಒಂದು, ಎರಡು, ಮೂರರ ಇಮ್ಮಡಿ. ಅನುಪಾತ ಮೂರಕ್ಕೂ ಒಂದೇ. ಅವರು ಪರೀಕ್ಷಿಸಿದ ಮೂರು ಅಲೆಗಳೂ ಒಂದೇ ದಿಕ್ಕಿಗೆ ಹೊರಟವು. ಆಗ ಹೊಸ ಸಮೀಕರಣ ತನ್ನ ಅಡ್ಡ ದಿಕ್ಕನ್ನು ಮರೆತು, ಎಲ್ಲರಿಗೂ ಗೊತ್ತಿರುವ ಹಳೆಯ ಸಮೀಕರಣವಾಗಿಬಿಡುತ್ತದೆ. ಹಳೆಯದು ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಹೊಸದನ್ನು ಅವರು ಪರೀಕ್ಷಿಸಿಯೇ ಇರಲಿಲ್ಲ.

ಯಂತ್ರದ ಮಾತಿನ ಮೇಲೆ ನಂಬಿಕೆ ಇಡಲು ಮನಸ್ಸಾಗಲಿಲ್ಲ. ಕೈಯಿಂದಲೇ ಮಾಡಿದೆ. ಧನ-ಋಣ ಚಿಹ್ನೆಗಳ ಜೋಡಣೆಗಳೆಲ್ಲ ಕೂಡಿ ನಾಲ್ಕು ದೊಡ್ಡ ಪದಗಳು, ಒಂದೊಂದು ಪದದಲ್ಲಿ ನಾಲ್ಕು ಗುಣಕಗಳು, ಛೇದದಲ್ಲಿ ಮೂರು, ಏಳು, ಎರಡು. ಸ್ಟಾಫ್ ರೂಮಿನಲ್ಲಿ ಹಳೆಯ ಉತ್ತರಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಹಲವು ದಿನ ಬರೆದೆ. ಒಮ್ಮೆ ಶೇಷ ಬೇರೆಯಾಗಿ ಬಂತು, ಆಸೆ ಹುಟ್ಟಿತು. ಹುಡುಕಿದರೆ ನಾನೇ ಒಂದು ಋಣಚಿಹ್ನೆ ಬಿಟ್ಟಿದ್ದೆ. ಅದನ್ನು ಸರಿಪಡಿಸಿದ ಮೇಲೆ ಯಂತ್ರ ಕೊಟ್ಟ ಸಂಖ್ಯೆಯೇ ಕಾಗದದ ಮೇಲೂ ನಿಂತಿತು. ಸೂತ್ರ ಎಲ್ಲ ಕಡೆ ನಿಲ್ಲುತ್ತದೆ ಎನ್ನಲು ಸಾವಿರ ಉದಾಹರಣೆಗಳೂ ಸಾಲವು. ನಿಲ್ಲುವುದಿಲ್ಲ ಎನ್ನಲು ಒಂದೇ ಸಾಕು.

ವಿಜಯಪುರದಲ್ಲಿ ಗುರುಗಳು ಆ ಹಾಳೆಗಳನ್ನು ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರಿ ಐತಿ ನಿನ್ನ ಲೆಕ್ಕ."

"ಈಗೇನ್ ಮಾಡೂದ್ರಿ ಸರ್?"

"ಎರಡು ಅಲಿ ಸೂತ್ರ ಖರೇ ಅದಾವಲ್ಲ? ಅವಷ್ಟ ಇರಲಿ. ಮೂರನೇದಕ್ಕ ಅವನ ವಾಕ್ಯ ಒಂದೈತಿ. ಅದನ್ನ ಮುಟ್ಟಬ್ಯಾಡ."

"ಆ ವಾಕ್ಯನ ಸುಳ್ಳೈತ್ರಿ."

"ಗೊತ್ತೈತಿ ತಂಗಿ." ಅವರು ಕಿಟಕಿಯತ್ತ ನೋಡಿದರು. "ಪರೀಕ್ಷಕರು ಯಾರೂ ಕೂತು ಇಷ್ಟು ಕೂಡ್ಸಿ ನೋಡಂಗಿಲ್ಲ. ಶೀರ್ಷಿಕಿ ಬದಲ ಮಾಡಬೇಕಂದ್ರ ಮತ್ತ ಸಮಿತಿ ಆಗಬೇಕು. ಜೂನ್ ದಾಟತೈತಿ. ನಾನೂ ಇರಂಗಿಲ್ಲ, ಅವನ ನೋಂದಣಿನೂ ಇರಂಗಿಲ್ಲ. ಆ ಮನುಷ್ಯಾಗ ಏನ್ ಉಳದೈತಿ ಹೇಳು. ಇದೊಂದರ ಸಿಗಲಿ."

ಅವರನ್ನು ಕೆಟ್ಟವರೆಂದು ನಾನು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ತಮ್ಮ ವೃತ್ತಿಯ ಕೊನೆಯ ತಿಂಗಳುಗಳಲ್ಲಿ ಒಬ್ಬ ಶಿಷ್ಯನಿಗೆ ಮಾಡಬಹುದಾದ ಉಪಕಾರ ಎಂದೇ ಅವರು ಭಾವಿಸಿದ್ದರು. ನಾನೂ ಎದುರು ಮಾತಾಡಲಿಲ್ಲ. ಊರಿಗೆ ಬಂದು ಅಧ್ಯಾಯವನ್ನು ಅವರು ಹೇಳಿದಂತೆಯೇ ಮುಗಿಸಿದೆ. ಮೂರು ಅಲೆಗಳ ಚಿತ್ರ ತೆಗೆದುಹಾಕಿದೆ, ವಾಕ್ಯವನ್ನು ಬಿಟ್ಟೆ. ಓದಿದವರಿಗೆ ಎಲ್ಲಿಯೂ ತೊಡಕು ಕಾಣುತ್ತಿರಲಿಲ್ಲ.

ಏಪ್ರಿಲ್ ನಡುವೆ ಪ್ರಬಂಧ ಮುದ್ರಣಕ್ಕೆ ಸಿದ್ಧವಾಯಿತು. ಆಗ ಗುರುಗಳು ಒಂದು ಹಾಳೆ ಕೊಟ್ಟರು. ಅಭ್ಯರ್ಥಿಯ ಘೋಷಣೆ: ಈ ಪ್ರಬಂಧದಲ್ಲಿರುವುದು ನನ್ನದೇ ಸಂಶೋಧನೆ, ನನಗೆ ತಿಳಿದಮಟ್ಟಿಗೆ ಸತ್ಯ. ಕೆಳಗೆ ಸಹಿಗೆ ಜಾಗ.

"ಸಹಿ ಮಾಡಾಕ ಬರಂಗಿಲ್ಲ ಅವನಿಗೆ. ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ," ಎಂದು ಸ್ಟ್ಯಾಂಪ್ ಪ್ಯಾಡನ್ನೂ ಕೈಗಿತ್ತರು. "ಮತ್ತ ಈ ವಿಷಯ ಎತ್ತಬ್ಯಾಡ. ಅವನಿಗೆ ತಿಳಿಯೂದೂ ಇಲ್ಲ, ತಿಳದ್ರೂ ಸುಮ್ನ ಎದಿ ಒಡಕೊಂಡಾನು."

ವಿಜಯಪುರದಿಂದ ಬಬಲೇಶ್ವರದ ಬಸ್ಸು ಹಿಡಿದೆ. ಅಲ್ಲಿಂದ ಗೆಳೆಯರ ಊರು ಕಾಖಂಡಕಿಗೆ ಜೀಪು. ಬಿಸಿಲಿಗೆ ಕಪ್ಪು ಹೊಲಗಳೆಲ್ಲ ಬಿರುಕು ಬಿಟ್ಟಿದ್ದವು. ಮಡಿಲಲ್ಲಿದ್ದ ಚೀಲದಲ್ಲಿ ಘೋಷಣೆಯ ಹಾಳೆ, ಪ್ಯಾಡು, ಪ್ರಬಂಧದ ಪ್ರತಿ. ಯಾವ ಗಳಿಗೆಯಲ್ಲಿ ಹಾಗೆ ಮಾಡಿದೆನೋ, ಹೊರಡುವ ಮುಂಚೆ ನನ್ನ ಲೆಕ್ಕದ ಹಾಳೆಗಳನ್ನೂ ಅದರಲ್ಲಿಟ್ಟುಕೊಂಡಿದ್ದೆ.

ಗೆಳೆಯರ ಹೆಂಡತಿ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದರು. ಪಾಠ ಹೇಳುವವಳೆಂದು ನನ್ನನ್ನು ಅಕ್ಕೋರ ಎನ್ನುತ್ತಿದ್ದರು. ಪಡಸಾಲೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿಸಿ ಗಂಡನನ್ನು ಕೂಡಿಸಿದ್ದರು. ಬಾಯಿ ಒಂದು ಕಡೆ ಜೋತಿತ್ತು. ನನ್ನನ್ನು ಕಂಡು ಅವರ ಕಣ್ಣು ಅರಳಿತು. "ಬಸ್," ಎಂದರು.

"ಅದೊಂದ ಮಾತ್ರಿ ಬಾಯಾಗ," ಎಂದರು ಹೆಂಡತಿ. "ನೀರ್ ಬೇಕಂದ್ರೂ ಬಸ್, ಬ್ಯಾಡಂದ್ರೂ ಬಸ್. ಸಾಕು ಅಂತಾರೋ, ಬಬಲೇಶ್ವರ ಬಸ್ ಬಂತು ಅಂತಾರೋ, ನನಗೂ ತಿಳೀವಲ್ದು. ಅಂಗನವಾಡಿ ಅಕ್ಷರದ ತಕ್ತಿ ತಂದು ಮುಂದಿಟ್ಟೆ. ಅಕ್ಷರ ಗುರ್ತ ಹತ್ತಂಗಿಲ್ಲ. ಅಂಕಿ ಹತ್ತತಾವ."

"ಅಂಕಿ ಹತ್ತತಾವೇನ್ರಿ?"

"ಹೂಂನ್ರಿ. ಕ್ಯಾಲೆಂಡರ್ ಮ್ಯಾಲ ಬೆರಳಿಟ್ಟು ತಾರೀಖು ತೋರಸ್ತಾರ."

ಘೋಷಣೆಯ ಹಾಳೆಯನ್ನು ಮಂಚದ ಮೇಲಿಟ್ಟೆ. ಪ್ಯಾಡಿನ ಮುಚ್ಚಳ ತೆಗೆದೆ. ಅವರು ಪ್ರಶ್ನೆಯಿಲ್ಲದೆ ಎಡಗೈಯನ್ನು ನನ್ನತ್ತ ಚಾಚಿದರು. ಆ ಹೆಬ್ಬೆರಳನ್ನು ಹಿಡಿದುಕೊಂಡಾಗ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಆ ಹಾಳೆಯಲ್ಲಿದ್ದ ಮಾತು ಅವರದ್ದು. ನನಗೆ ಗೊತ್ತು, ಗುರುಗಳಿಗೆ ಗೊತ್ತು, ಆಣೆ ಮಾಡುವವರಿಗೆ ಮಾತ್ರ ಗೊತ್ತಿಲ್ಲ. ಮಾತು ಹೋದವರೆಂದು ಅವರ ಕೆಲಸದ ಬಗ್ಗೆ ಅವರಿಗೇ ಹೇಳದಿರುವುದು ನನ್ನಿಂದಾಗದು ಎನಿಸಿತು. ಪ್ಯಾಡು ಮುಚ್ಚಿದೆ. ನನ್ನ ಹಾಳೆಗಳನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ.

"ಸರ್, ಮೂರನೇ ಅಲೆ ಪರೀಕ್ಷಾ ಮತ್ತೊಮ್ಮೆ ಮಾಡೇನ್ರಿ. ನೋಡ್ರಿ," ಎಂದೆ.

ಮೊದಲ ಹಾಳೆಯನ್ನು ಅವರು ಬಹಳ ಹೊತ್ತು ನೋಡಿದರು. ತಿಳಿಯುತ್ತಿದೆಯೋ ಇಲ್ಲವೋ ಮುಖದಿಂದ ಗೊತ್ತಾಗುವಂತಿರಲಿಲ್ಲ. ಎಡಗೈಯಿಂದ ಹಾಳೆ ತಿರುವಲು ಹೋಗಿ ಎಲ್ಲ ಜಾರಿ ಕೆಳಗೆ ಬಿದ್ದವು. ಹೆಂಡತಿ ಆರಿಸಿ ಕೊಟ್ಟರು. ಕೊನೆಯ ಹಾಳೆಯ ಶೇಷದ ಮೇಲೆ ಅವರ ಬೆರಳು ನಿಂತಿತು. ಮತ್ತೆ ಮೊದಲ ಹಾಳೆಗೆ ಹೋಯಿತು, ನಾನು ಕೊಟ್ಟ ಎರಡು, ಐದು, ಮೂರರ ಮೇಲೆ. ಆಮೇಲೆ ನನ್ನ ಪೆನ್ನಿಗಾಗಿ ಕೈ ಮಾಡಿದರು. ಎಡಗೈಯಲ್ಲಿ, ಒಂದನೇ ಇಯತ್ತೆಯ ಮಗುವಿನಂತೆ ದೊಡ್ಡದಾಗಿ ಬರೆದರು: 2, 4, 6. ಅದರ ಕೆಳಗೆ 1, 2, 3. ಮೇಲಿನದಕ್ಕೂ ಕೆಳಗಿನದಕ್ಕೂ ಗೆರೆ ಎಳೆದರು, ಮೂರು ಗೆರೆ. ನಾನು ಒಂದು ಮಾತನ್ನೂ ಹೇಳಿರಲಿಲ್ಲ. ತಪ್ಪು ಎಲ್ಲಿದೆಯೆಂದು ಅವರೇ ಹೋಗಿ ಮುಟ್ಟಿದ್ದರು.

ಪೆನ್ನು ಬೆರಳುಗಳಿಂದ ಜಾರಿತು. ಅವರು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

"ಏನಾತ್ರಿ ಅಕ್ಕೋರ?" ಎಂದರು ಹೆಂಡತಿ.

ಹೇಳಿದೆ. ಆದಷ್ಟು ಸರಳವಾಗಿ ಹೇಳಿದೆ: ಸರ್ ಇದು ಆಗುತ್ತದೆ ಎಂದು ಬರೆದಿದ್ದರು, ಅದು ಆಗುವುದಿಲ್ಲ.

ಹೆಂಡತಿ ಎದ್ದು ನಿಂತರು. ದನಿ ಏರಲಿಲ್ಲ. "ನಾಕು ತಿಂಗಳಾತು ಹಾಸಿಗಿ ಹಿಡದು. ಇವತ್ತ ಒಬ್ರು ಕಾಲೇಜ್ನವರು ಬಂದ್ರು ಅಂತ ಮುಖ ತೊಳದು ಅಂಗಿ ತೊಡಿಸಿ ಕೂಡ್ಸೇನಿ. ನೀವು ಮಾಡಿದ್ದು ತಪ್ಪೈತಿ ಅಂತ ಹೇಳಾಕ ಅಷ್ಟು ದೂರದಿಂದ ಬಂದ್ರೇನ್ರಿ?"

ನಾನು ಜಾರಿ ಬಿದ್ದ ಪೆನ್ನನ್ನು ಎತ್ತಿ ಮಂಚದ ಮೇಲಿಟ್ಟೆ.

"ಹೇಳದ ಇದ್ರ ಯಾರಿಗಿ ಏನ್ ಲುಕ್ಸಾನ್ ಆಗತಿತ್ತು?"

ಆಗ ಗೆಳೆಯರು ಕಣ್ಣು ತೆರೆದು ಎಡಗೈಯಿಂದ ಮಂಚವನ್ನು ಬಡಿದರು. ಪ್ರಬಂಧದತ್ತ ಕೈ ತೋರಿಸಿದರು. ನಾನು ಕೊನೆಯ ಅಧ್ಯಾಯ ತೆರೆದು ಹಿಡಿದೆ. ಅಕ್ಷರ ಗುರುತು ಹತ್ತದಿದ್ದರೂ ತಮ್ಮ ಸಮೀಕರಣಗಳ ಸಾಲು ಅವರಿಗೆ ಗೊತ್ತಿತ್ತು. ಎರಡು ಅಲೆಯ ಸೂತ್ರ ಮುಗಿದು, ಅದರ ಕೆಳಗಿದ್ದ ಒಂದೇ ವಾಕ್ಯದ ಮೇಲೆ ಪೆನ್ನಿಟ್ಟು ಎಳೆದರು. ಗೆರೆ ಅಂಕುಡೊಂಕಾಗಿ ಹಾಳೆಯ ಅಂಚು ದಾಟಿ ಚಾದರದ ಮೇಲೂ ಹೋಯಿತು.

ಹೆಂಡತಿ ಅದನ್ನು ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ಚಹಾ ತಂದು ನನ್ನ ಮುಂದಿಟ್ಟರು.

ಗುರುಗಳಿಗೆ ನಾನು ಖಾಲಿ ಘೋಷಣೆಯನ್ನೇ ಹಿಂದಿರುಗಿಸಿದೆ. ಅವರು ಬೈಯಲಿಲ್ಲ. ಹೊಡೆದುಹಾಕಿದ ವಾಕ್ಯವನ್ನು ನೋಡಿ, "ಅವನ ಹೊಡದನೇನು?" ಎಂದು ಕೇಳಿದರು. ಹೌದೆಂದೆ. ಅವಧಿ ವಿಸ್ತರಣೆಗೆ ಅರ್ಜಿ ಬರೆದರು, ಶೀರ್ಷಿಕೆ ಬದಲಿಸಲು ಇನ್ನೊಂದು. ವಿಸ್ತರಣೆ ಆಗಲೇ ಒಮ್ಮೆ ಕೊಟ್ಟಾಗಿದೆ, ಮತ್ತೆ ಕೊಡಲಾಗದು ಎಂಬ ಉತ್ತರ ಬಂತು. ಜೂನ್ ಕೊನೆಯಲ್ಲಿ ನೋಂದಣಿ ರದ್ದಾಯಿತು. ಗುರುಗಳು ಅದೇ ವಾರ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹಾರ ಹಾಕಿಸಿಕೊಂಡು ಕೂತವರು ನನ್ನನ್ನು ಕಂಡು ಮುಖ ಕೆಳಗೆ ಮಾಡಿದರು.

ಪದವಿ ಹೋಯಿತು. ಕೆಲಸ ಉಳಿದಿತ್ತು. ಬೇಸಿಗೆ ರಜೆಯ ಭಾನುವಾರಗಳಲ್ಲಿ ಕಾಖಂಡಕಿಗೆ ಹೋಗತೊಡಗಿದ್ದೆ. ಶೇಷ ಯಾವಾಗ ಸೊನ್ನೆ, ಯಾವಾಗ ಅಲ್ಲ ಎನ್ನುವುದನ್ನು ಸಾಮಾನ್ಯ ರೂಪದಲ್ಲಿ ತೋರಿಸಿದರೆ ಅದೊಂದು ಲೇಖನವಾಗುತ್ತಿತ್ತು. ಅವರ ಹೆಸರು ಮೊದಲು, ನನ್ನದು ಆಮೇಲೆ. ಅವರಿಗೆ ಬೇಗ ದಣಿವಾಗುತ್ತಿತ್ತು. ನಾನು ಮುಂದಿನ ಹೆಜ್ಜೆಯನ್ನು ಎರಡು ಬಗೆಯಲ್ಲಿ ಬರೆದು ಮುಂದಿಡುತ್ತಿದ್ದೆ, ಅವರು ಒಂದನ್ನು ತಟ್ಟುತ್ತಿದ್ದರು. ಕೆಲವೊಮ್ಮೆ ಎರಡನ್ನೂ ದೂಡುತ್ತಿದ್ದರು. ಒಂದು ಭಾನುವಾರ ಹಾಗೆ ದೂಡಿ, ಪೆನ್ನು ಹಿಡಿದು, ಉದ್ದ ಅಡ್ಡ ಸಂಖ್ಯೆಗಳೆರಡರ ಸುತ್ತ ಒಂದು ಸುತ್ತು ಹಾಕಿದರು. ಮನೆಗೆ ಬಂದ ಮೇಲೆ ಅರ್ಥವಾಯಿತು: ಎರಡನ್ನೂ ಕೂಡಿಸಿ ಒಂದೇ ಚರವಾಗಿ ತೆಗೆದುಕೋ ಎಂದಿದ್ದರು. ಹಾಗೆ ಮಾಡಿದಾಗ ಹಲವು ಪುಟಗಳ ಬೀಜಗಣಿತ ಎರಡು ಪುಟಕ್ಕಿಳಿಯಿತು.

ಹೆಂಡತಿ ಆ ದಿನಗಳಲ್ಲಿ ನನ್ನೊಡನೆ ಅಗತ್ಯದಷ್ಟೇ ಮಾತಾಡಿದರು. ಊಟಕ್ಕೆ ಮಾತ್ರ ಎಂದೂ ಬಿಡಲಿಲ್ಲ.

ಲೇಖನ ಮುಗಿಸಿ ಮೊದಲು ಕಳಿಸಿದ ಗಣಿತ ಪತ್ರಿಕೆ ಅದನ್ನು ಪರಿಶೀಲಿಸುವ ತಜ್ಞರ ಬಳಿಗೂ ಕಳಿಸದೆ ವಾಪಸು ಮಾಡಿತು. ಒಂದು ಸಮೀಕರಣ ಅನುಕಲನೀಯವಲ್ಲ ಎಂಬುದರಲ್ಲಿ ಓದುಗರಿಗೆ ಆಸಕ್ತಿಯಿಲ್ಲ ಎಂಬ ಅರ್ಥದ ನಾಲ್ಕು ಸಾಲು. ಅದನ್ನು ನಾನು ಅವರಿಗೆ ಓದಿ ಹೇಳಿದೆ. "ಬಸ್," ಎಂದರು, ಆ ದಿನ ಅದು ಸಾಕು ಎಂಬಂತೆಯೇ ಕೇಳಿಸಿತು. ಎರಡನೆಯ ಪತ್ರಿಕೆಗೆ ಕಳಿಸಿದ ಕೆಲ ವಾರಗಳಲ್ಲಿ ಅವರಿಗೆ ಮತ್ತೊಮ್ಮೆ ಲಕ್ವಾ ಆಯಿತು. ವಿಜಯಪುರದ ಆಸ್ಪತ್ರೆಗೆ ನೋಡಲು ಹೋದೆ. ಕಣ್ಣು ತೆರೆದಿದ್ದರು, ನನ್ನ ಮೇಲೆ ನೋಟ ನಿಲ್ಲಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಅಂಕಿಗಳ ಹಾಳೆ ಹಿಡಿದೆ. ಎಡಗೈ ಹೊದಿಕೆಯ ಮೇಲೆಯೇ ಬಿದ್ದಿತ್ತು. ಕೆಲ ದಿನಗಳ ಮೇಲೆ ಹಾಗೆಯೇ ಮನೆಗೆ ಕರೆದೊಯ್ದರು.

ಎರಡನೆಯ ಪತ್ರಿಕೆಯ ತಜ್ಞರು ಎರಡು ಕಡೆ ಸ್ಪಷ್ಟನೆ ಕೇಳಿದರು. ಒಂದಕ್ಕೆ ಉತ್ತರ ನನಗೆ ಗೊತ್ತಿತ್ತು. ಇನ್ನೊಂದು ಗೆಳೆಯರು ಸುತ್ತು ಹಾಕಿದ ಚರದ ಬಗ್ಗೆ. ಅದೇಕೆ ಸಹಜ ಎಂದು ಅವರನ್ನೇ ಕೇಳಬೇಕಿತ್ತು, ಕೇಳುವಂತಿರಲಿಲ್ಲ. ಮೂರು ವಾರ ಒಬ್ಬಳೇ ಕೂತು ನನಗೆ ತೋಚಿದ ಕಾರಣ ಬರೆದೆ. ಅವರು ಬರೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಲೇಖನ ಒಪ್ಪಿಗೆಯಾಯಿತು.

ಪ್ರಕಟವಾದ ಲೇಖನದ ಪ್ರತಿಯನ್ನು ವಿಜಯಪುರದಲ್ಲಿ ಮುದ್ರಿಸಿಕೊಂಡು ಕಾಖಂಡಕಿಗೆ ಹೋದೆ. ಅವರು ಮಲಗಿದ್ದರು. ಹೆಂಡತಿ ಚಮಚದಿಂದ ಗಂಜಿ ಕುಡಿಸುತ್ತಿದ್ದರು. ಒಂದು ಚಮಚ ಒಳಗೆ ಹೋದರೆ ಅರ್ಧ ಹೊರಗೆ ಬರುತ್ತಿತ್ತು. ಪ್ರತಿಯನ್ನು ಅವರ ಕಣ್ಣ ಮುಂದೆ ಹಿಡಿದೆ, ಪುಟ ತಿರುವಿದೆ. ಅವರು ತೊಲೆಯತ್ತ ನೋಡುತ್ತಿದ್ದರು.

ಹೆಂಡತಿ ಬಟ್ಟಲು ಕೆಳಗಿಟ್ಟು, ಕೈ ಒರೆಸಿಕೊಂಡು ಪ್ರತಿಯನ್ನು ತೆಗೆದುಕೊಂಡರು. ಇಂಗ್ಲಿಷಿನಲ್ಲಿದ್ದ ಗಂಡನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಮುಂದಿನ ಪುಟಗಳ ಮೇಲೆ ಕಣ್ಣಾಡಿಸಿದರು.

"ಈಗಿದು ಸರಿ ಐತೇನ್ರಿ ಅಕ್ಕೋರ?"

"ಸರಿ ಐತ್ರಿ."

"ಮತ್ತ ಯಾರರ ಬಂದು ತಪ್ಪೈತಿ ಅನ್ನೂದಿಲ್ಲಲ್ರಿ?"

"ಇಲ್ರಿ. ಯಾರೂ ಅನ್ನಾಕ ಬರಂಗಿಲ್ಲ."

ಅವರು ತಲೆಯಾಡಿಸಿದರು. ಗಂಡನ ಕಿವಿಯ ಬಳಿ ಬಾಗಿ, ದೂರದಲ್ಲಿರುವವರಿಗೆ ಹೇಳುವಂತೆ ದನಿ ಏರಿಸಿ ಹೇಳಿದರು: "ಕೇಳಿದ್ರೇನ್ರಿ? ಸರಿ ಐತಂತ."

ಅವರು ಕೇಳಿಸಿಕೊಂಡರೋ ಇಲ್ಲವೋ ನಮಗಿಬ್ಬರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು ನೋಡಿ, ಹೆಂಡತಿ ಬಟ್ಟಲು ಎತ್ತಿಕೊಂಡು ಇನ್ನೊಂದು ಚಮಚ ಬಾಯಿಗೆ ಹಿಡಿದರು.